ಕೋಟಿನ ಬಟ್ಟೆಯೂ ಮೈಯ ಬೆವರೂ

ನಮ್ಮ ಮನೆಯ ಬೀರುವಿನಲ್ಲಿ ಒಂದು ಕೋಟು ಇದೆ. ಹೊಲಿಸಿ ಆರು ವರ್ಷಗಳಾದುವು. ಬಣ್ಣ ಮಾಸಿಲ್ಲ, ಎಲ್ಲಿಯೂ ಒಂದು ಸುಕ್ಕಿಲ್ಲ, ನುಸಿ ಅದರ ಹತ್ತಿರ ಸುಳಿದಿಲ್ಲ. ಬಟ್ಟೆಯನ್ನು ಮಾರಿದ ಅಂಗಡಿಯವರು ಕೊಟ್ಟ ಭರವಸೆಗಳೆಲ್ಲ ನಿಜವಾಗಿವೆ. ಆದರೂ ಅದನ್ನು ನಾವು ಧರಿಸಿದ್ದು ಒಂದೇ ಒಂದು ಸಂಜೆ. ಅದು ನಮ್ಮ ಮದುವೆಯ ಆರತಕ್ಷತೆಯ ಸಂಜೆ, ಊರು ರಾಯಚೂರು, ತಿಂಗಳು ಮೇ. ಏಳು ಗಂಟೆಯಾದರೂ ಗಾಳಿ ಮೈಯಷ್ಟೇ ಬಿಸಿಯಾಗಿತ್ತು. ಮೂರು ಗಂಟೆಗಳ ಕಾಲ ನಿಂತು ಬಂಧುಗಳಿಗೆ ಕೈಮುಗಿದ ಮೇಲೆ ಕೋಟನ್ನು ತೆಗೆದಾಗ ಒಳಗಿನ ಅಂಗಿಯನ್ನು ಹಿಂಡಬಹುದಾಗಿತ್ತು. ತರಗತಿಯಲ್ಲಿ ಉಷ್ಣಶಾಸ್ತ್ರವನ್ನು ಬೋಧಿಸುವ ನಾವು ನಮ್ಮ ಮೈಯ ಉಷ್ಣವನ್ನು ಲೆಕ್ಕ ಹಾಕದೆ ಹೋದೆವು. ಡಿಸೆಂಬರಿನ ಮೈಸೂರಿನಲ್ಲಿ, ತಂಪಾದ ಅಂಗಡಿಯಲ್ಲಿ ಕುಳಿತು, ಹೊಳಪನ್ನೂ ಬೆಲೆಯನ್ನೂ ನೋಡಿ ಬಟ್ಟೆಯನ್ನು ಆರಿಸಿದ್ದೆವು.

ಈಗ ನಮ್ಮ ತಮ್ಮನ ಮದುವೆ ಗೊತ್ತಾಗಿದೆ. ಮುಂದಿನ ಏಪ್ರಿಲ್, ಮಂಗಳೂರಿನಲ್ಲಿ. ಮೊನ್ನೆ ಅವನು ನಾಲ್ಕು ತುಣುಕು ಬಟ್ಟೆಗಳನ್ನು ತಂದು ನಮ್ಮ ಮೇಜಿನ ಮೇಲೆ ಹರಡಿ, “ಅಣ್ಣಾ, ನಿನ್ನ ಕೋಟಿನ ಗತಿ ನನ್ನ ಕೋಟಿಗೆ ಬಾರದಂತೆ ಲೆಕ್ಕ ಹಾಕಿ ಹೇಳು” ಎಂದನು. ಮೊದಲನೆಯದು ಹೊಳೆಯುವ ಕಪ್ಪು ಬಟ್ಟೆ. ಪಾಲಿಯೆಸ್ಟರ್ ಮತ್ತು ವಿಸ್ಕೋಸುಗಳ ಮಿಶ್ರಣ. ಎರಡನೆಯದು ಬೆಣ್ಣೆಯಂತೆ ನುಣುಪಾದ ಬೂದು ಉಣ್ಣೆ. ಅದರ ಚೀಟಿಯ ಮೇಲೆ ‘ಸೂಪರ್ 150’ ಎಂದಿತ್ತು. ಮೂರನೆಯದು ನೀಲಿ ಉಣ್ಣೆ. ಮುಟ್ಟಿದರೆ ತುಸು ಒರಟು, ನೋಡಲು ಹೊಳಪಿಲ್ಲದ್ದು. ನಾಲ್ಕನೆಯದು ಅಗಸೆಯ ನಾರಿನಿಂದ ನೆಯ್ದ ಲಿನನ್. ಅವನ ಮನಸ್ಸು ಮೊದಲೆರಡರ ಮೇಲಿತ್ತೆಂದು ಹೇಳಬೇಕಾಗಿಲ್ಲ.

ಅಳತೆ ಕೊಟ್ಟು ಹೊಲಿಸುವ ಕೋಟು ಅಗ್ಗದ ವಸ್ತುವಲ್ಲ. ಹೊಲಿಗೆಯ ತಪ್ಪನ್ನು ದರ್ಜಿ ಬಿಚ್ಚಿ ತಿದ್ದಬಲ್ಲನು. ಬಟ್ಟೆಯ ತಪ್ಪನ್ನು ಯಾರೂ ತಿದ್ದಲಾರರು. ಆದುದರಿಂದ ಕತ್ತರಿ ಬೀಳುವ ಮೊದಲೇ ವಿಚಾರ ಮಾಡುವುದು ಒಳ್ಳೆಯದು.

ಮೈ ಎಂಬ ಒಲೆ

ಮೊದಲು ಕೋಟಿನ ಒಳಗಿರುವ ವಸ್ತುವನ್ನು ಗಮನಿಸೋಣ. ಸುಮ್ಮನೆ ಕುಳಿತಿರುವ ಮನುಷ್ಯನ ದೇಹ ಸುಮಾರು 100 ವಾಟ್‌ಗಳಷ್ಟು ಉಷ್ಣವನ್ನು ಉತ್ಪಾದಿಸುತ್ತದೆ. ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು. ಈ ಉಷ್ಣ ಹುಟ್ಟಿದಷ್ಟೇ ವೇಗವಾಗಿ ಹೊರಗೆ ಹೋಗಬೇಕು. ಹೋಗಲು ಅದಕ್ಕೆ ನಾಲ್ಕು ದಾರಿಗಳಿವೆ: ವಹನ, ಸಂವಹನ, ವಿಕಿರಣ ಮತ್ತು ಬೆವರಿನ ಬಾಷ್ಪೀಕರಣ. ಮೊದಲ ಮೂರು ದಾರಿಗಳು ತೆರೆದಿರಬೇಕಾದರೆ ಸುತ್ತಲಿನ ಪರಿಸರ ಚರ್ಮಕ್ಕಿಂತ ತಂಪಾಗಿರಬೇಕು. ಸೆಕೆಯಲ್ಲಿ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಗಾಳಿಯೂ 35 ಡಿಗ್ರಿಯಾದರೆ ಆ ಮೂರು ಬಾಗಿಲುಗಳೂ ಮುಚ್ಚಿದಂತೆ, ಉಳಿಯುವುದು ಬೆವರೊಂದೇ.

ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾಗಬೇಕಾದರೆ ಸುಮಾರು 2,400 ಜೂಲ್ ಉಷ್ಣವನ್ನು ಹೀರುತ್ತದೆ. ನಮ್ಮ ಒಲೆ ಒಂದು ಗಂಟೆಯಲ್ಲಿ ಉತ್ಪಾದಿಸುವುದು 3,60,000 ಜೂಲ್. ಭಾಗಿಸಿದರೆ ದೊರೆಯುವ ಸಂಖ್ಯೆ 150. ಎಂದರೆ, ಅಂತಹ ಸೆಕೆಯಲ್ಲಿ ಕುಳಿತಿರುವವನು ಕೂಡ ಗಂಟೆಗೆ ಒಂದು ಲೋಟದಷ್ಟು ಬೆವರನ್ನು ಆವಿಯಾಗಿ ಕಳುಹಿಸಬೇಕು. ಇಲ್ಲಿ ಮುಖ್ಯವಾದ ಮಾತು ‘ಆವಿಯಾಗಿ’ ಎಂಬುದು. ಹನಿಯಾಗಿ ಜಾರಿ ಅಂಗಿಯಲ್ಲಿ ಇಂಗಿದ ಬೆವರು ಮೈಯನ್ನು ತಣಿಸುವುದಿಲ್ಲ. ರಾಯಚೂರಿನಲ್ಲಿ ನಮಗೆ ಬೆವರಿನ ಕೊರತೆಯಿರಲಿಲ್ಲ; ಆವಿಗೆ ದಾರಿಯಿರಲಿಲ್ಲ.

ಬೆಚ್ಚಗಿಡುವುದು ಬಟ್ಟೆಯೋ ಗಾಳಿಯೋ?

ದಪ್ಪ ಬಟ್ಟೆ ಬೆಚ್ಚಗೆ, ತೆಳು ಬಟ್ಟೆ ತಂಪು ಎಂಬುದು ಲೋಕಾಭಿಪ್ರಾಯ. ಇದು ಅರ್ಧ ಸತ್ಯ. ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1792ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಉಷ್ಣಮಾಪಕದ ಸುತ್ತ ಉಣ್ಣೆ, ಹತ್ತಿ, ರೇಷ್ಮೆ, ತುಪ್ಪಳ ಮುಂತಾದುವನ್ನು ತುಂಬಿ, ಅದು ಎಷ್ಟು ಹೊತ್ತಿನಲ್ಲಿ ತಣಿಯುತ್ತದೆಂದು ಅಳೆದನು. ಎಳೆಗಳ ನಡುವೆ ಸಿಕ್ಕಿಕೊಂಡು ಚಲಿಸಲಾರದೆ ನಿಂತ ಗಾಳಿಯೇ ಉಷ್ಣವನ್ನು ತಡೆಯುವುದರಲ್ಲಿ ಪ್ರಧಾನವೆಂದು ಅವನು ಕಂಡುಕೊಂಡನು. ನಮ್ಮ ಕುರುಬರ ಕರಿಯ ಕಂಬಳಿ ಬೆಚ್ಚಗಿರುವುದೂ ಇದೇ ಕಾರಣದಿಂದ; ಅದು ನೂಲಿನಿಂದ ಕಟ್ಟಿದ ಗಾಳಿಯ ಗೋಡೆ. ಆ ಗಾಳಿಯ ಸ್ಥಳವನ್ನು ನೀರು ಆಕ್ರಮಿಸಿತೆಂದರೆ ಕಥೆ ಬೇರೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು.

ಬಟ್ಟೆಯ ಈ ಗುಣವನ್ನು ಅಳೆಯಲು ಗ್ಯಾಗಿ, ಬರ್ಟನ್ ಮತ್ತು ಬ್ಯಾಜೆಟ್ ಎಂಬ ಮೂವರು ವಿಜ್ಞಾನಿಗಳು 1941ರಲ್ಲಿ ‘ಕ್ಲೋ’ ಎಂಬ ಮಾನವನ್ನು ಸೂಚಿಸಿದರು. ಗಾಳಿಯಾಡದ, 21 ಡಿಗ್ರಿ ಉಷ್ಣತೆಯ ಕೊಠಡಿಯಲ್ಲಿ ವಿಶ್ರಾಂತಿಯಿಂದ ಕುಳಿತವನನ್ನು ಸುಖವಾಗಿಡುವ ಉಡುಪಿನ ಬೆಲೆ ಒಂದು ಕ್ಲೋ. ಅದು ಪಾಶ್ಚಾತ್ಯರ ಸಾಧಾರಣ ಸೂಟಿಗೆ ಸರಿಹೊಂದುತ್ತದೆ. ಈ ಸಂಖ್ಯೆಯಲ್ಲಿಯೇ ನಮ್ಮ ಕಷ್ಟದ ಮೂಲ ಅಡಗಿದೆ. ಸೂಟು ಹುಟ್ಟಿದ್ದು 21 ಡಿಗ್ರಿಯ ಕೊಠಡಿಗಾಗಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಸದಾ ಸೂಟಿನಲ್ಲಿಯೇ ಕಾಣಿಸಿಕೊಳ್ಳುತ್ತಿದ್ದರೆಂದರೆ ಅದಕ್ಕೆ ಅಲ್ಲಿನ ಹವೆ ಬಹುಮಟ್ಟಿಗೆ ಒಪ್ಪಿಗೆ ಕೊಡುತ್ತಿತ್ತು. ರಾಯಚೂರೂ ಮಂಗಳೂರೂ ಕೊಡುವುದಿಲ್ಲ. ಉಷ್ಣವನ್ನು ಹೇಗೆ ಹಿಡಿದಿಡಲಿ ಎಂದು ಕೇಳುವವನಿಗೆ ಒಂದು ಬಟ್ಟೆ. ಹೇಗೆ ಬಿಟ್ಟುಕೊಡಲಿ ಎಂದು ಕೇಳುವವನಿಗೆ ಇನ್ನೊಂದು ಬಟ್ಟೆ.

ರಾಯಚೂರಿನ ಸೆಕೆ, ಮಂಗಳೂರಿನ ಸೆಕೆ

ಮಂಗಳೂರು ರಾಯಚೂರಿಗಿಂತ ತಂಪಲ್ಲವೆ ಎಂದು ತಮ್ಮನು ಕೇಳಿದನು. ಉಷ್ಣಮಾಪಕವನ್ನು ನೋಡಿದರೆ ಹೌದು. ಆದರೆ ಬೆವರು ಆವಿಯಾಗುವ ವೇಗ ಗಾಳಿಯ ಉಷ್ಣತೆಯೊಂದನ್ನೇ ಅವಲಂಬಿಸಿಲ್ಲ. ತೇವವಾದ ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿ ಈಗಾಗಲೇ ಇರುವ ಆವಿಯ ಒತ್ತಡಕ್ಕೂ ಇರುವ ಅಂತರವೇ ಆವಿಯನ್ನು ಹೊರಕ್ಕೆ ಸೆಳೆಯುವ ಶಕ್ತಿ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಆವಿಯ ಒತ್ತಡ ಪಾದರಸದ ಸುಮಾರು 42 ಮಿಲಿಮೀಟರ್. ಒಣ ಊರಿನಲ್ಲಿ 36 ಡಿಗ್ರಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 30 ಇದೆಯೆಂದು ಭಾವಿಸೋಣ. ಅದರ ಆವಿಯ ಒತ್ತಡ ಸುಮಾರು 13 ಮಿಲಿಮೀಟರ್, ಅಂತರ 29. ಕರಾವಳಿಯ ಊರಿನಲ್ಲಿ 31 ಡಿಗ್ರಿಯ ಗಾಳಿ, ಆರ್ದ್ರತೆ ಶೇಕಡ 70 ಎನ್ನೋಣ. ಒತ್ತಡ ಸುಮಾರು 24 ಮಿಲಿಮೀಟರ್, ಅಂತರ ಕೇವಲ 18. ಐದು ಡಿಗ್ರಿ ತಂಪಾದ ಊರಿನಲ್ಲಿ ಬೆವರು ಆರಿಸುವ ಸೆಳೆತ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕಡಮೆಯಾಯಿತು! ಅಷ್ಟು ಅಲ್ಪ ಸೆಳೆತವನ್ನು ಇನ್ನಷ್ಟು ತಡೆಯುವ ಕೋಟನ್ನು ಅಲ್ಲಿ ಧರಿಸಬಾರದು. ಒಳಗಿನ ತೇವದ ಗಾಳಿಯನ್ನು ಹೊರಕ್ಕೂ ಹೊರಗಿನ ಗಾಳಿಯನ್ನು ಒಳಕ್ಕೂ ಬಿಡುವ ಬಟ್ಟೆ ಅಲ್ಲಿ ಬೇಕು.

ಹಾಸು ಹೊಕ್ಕುಗಳ ನಡುವಿನ ಕಿಂಡಿ

ಹಾಗಾದರೆ ತೂಕ ಕಡಮೆಯಿರುವ ಬಟ್ಟೆಯನ್ನು ಆರಿಸಿದರೆ ಸಾಕಲ್ಲವೆ? ಇದನ್ನು ಪರೀಕ್ಷಿಸುವುದು ಬಲು ಸುಲಭ. ಪ್ರತಿ ತುಣುಕಿನಿಂದಲೂ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಚೌಕವನ್ನು ಕತ್ತರಿಸಿ ಕಾಲೇಜಿನ ತಕ್ಕಡಿಯಲ್ಲಿ ತೂಗಿದೆವು. ಅಂತಹ ಚೌಕ ಒಂದು ಚದರ ಮೀಟರಿನ ನೂರರಲ್ಲಿ ಒಂದು ಭಾಗ. ಆದುದರಿಂದ ಗ್ರಾಮಿನಲ್ಲಿ ಬಂದ ತೂಕವನ್ನು ನೂರರಿಂದ ಗುಣಿಸಿದರೆ, ಜವಳಿಯವರು ಹೇಳುವ ‘ಚದರ ಮೀಟರಿನ ತೂಕ’ ದೊರೆಯುತ್ತದೆ. ಕಪ್ಪು ಮಿಶ್ರಣ 270 ಗ್ರಾಂ, ನುಣುಪಾದ ಉಣ್ಣೆ 260, ಒರಟು ಉಣ್ಣೆ 250, ಲಿನನ್ 260. ನಾಲ್ಕೂ ಹೆಚ್ಚುಕಡಮೆ ಒಂದೇ! ತೂಕದ ಪರೀಕ್ಷೆಯಿಂದ ನಮಗೆ ಏನೂ ತೀರ್ಮಾನವಾಗಲಿಲ್ಲ.

ಆಮೇಲೆ ಅವುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದೆವು. ಕಪ್ಪು ಬಟ್ಟೆ ಹಲಗೆಯಂತೆ ಬೆಳಕನ್ನು ಪೂರ್ತಿ ತಡೆಯಿತು. ನುಣುಪಾದ ಉಣ್ಣೆಯೂ ಬಹುಮಟ್ಟಿಗೆ ಹಾಗೆಯೇ. ಲಿನನ್ನಿನಲ್ಲಿ ಅಲ್ಲಲ್ಲಿ ಚುಕ್ಕೆಗಳು ಕಂಡುವು. ಒರಟಾದ ನೀಲಿ ಉಣ್ಣೆಯಲ್ಲಿ ಮಾತ್ರ ಜರಡಿಯಂತೆ ಸಾಲುಸಾಲಾಗಿ ಬೆಳಕಿನ ಬಿಂದುಗಳು ಮೂಡಿದುವು. ಬಟ್ಟೆಯನ್ನು ಬಾಯಿಗೆ ಒತ್ತಿ ಉಸಿರು ಬಿಟ್ಟು ನೋಡಿದಾಗಲೂ ಇದೇ ಕ್ರಮ: ನೀಲಿಯ ಮೂಲಕ ಉಸಿರು ಸರಾಗವಾಗಿ ಹೋಯಿತು, ಕಪ್ಪಿನಲ್ಲಿ ಕೆನ್ನೆ ಉಬ್ಬಿತು.

ಇದಕ್ಕೆ ಕಾರಣ ನೇಯ್ಗೆಯಲ್ಲಿದೆ. ಒಂದು ಹಾಸಿನ ಎಳೆಯ ಮೇಲೆ, ಇನ್ನೊಂದರ ಕೆಳಗೆ ಹೊಕ್ಕಿನ ಎಳೆ ಹಾಯುವುದು ಸಾದಾ ನೇಯ್ಗೆ. ಎರಡೆರಡು ಎಳೆಗಳನ್ನು ದಾಟಿ, ಪ್ರತಿ ಸಾಲಿನಲ್ಲಿಯೂ ಒಂದು ಹೆಜ್ಜೆ ಸರಿಯುವುದು ಓರೆ ಗೆರೆಗಳ ಟ್ವಿಲ್ ನೇಯ್ಗೆ. ಟ್ವಿಲ್ಲಿನಲ್ಲಿ ಎಳೆಗಳು ಒತ್ತೊತ್ತಾಗಿ ಕೂರಬಲ್ಲವು. ಬಟ್ಟೆ ನುಣುಪಾಗಿ ಇಳಿಬೀಳುತ್ತದೆ, ಕಿಂಡಿಗಳು ಮುಚ್ಚುತ್ತವೆ. ಸಾದಾ ನೇಯ್ಗೆಯಲ್ಲಿ ಎಳೆಗಳ ನಡುವೆ ಸ್ಥಳ ಉಳಿಯುತ್ತದೆ. ಅದರಲ್ಲಿಯೂ ನೂಲಿಗೆ ಹೆಚ್ಚು ಹುರಿ ಕೊಟ್ಟರೆ ಅದು ಬಿಗಿದು ತೆಳುವಾಗಿ, ತುಪ್ಪಟವಿಲ್ಲದೆ, ಕಿಂಡಿಯನ್ನು ತೆರೆದೇ ಇಡುತ್ತದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಒಂದು ಗಿರಣಿ 1907ರಲ್ಲಿ ‘ಫ್ರೆಸ್ಕೊ’ ಎಂಬ ಹೆಸರಿನಲ್ಲಿ ಇಂತಹ ಬಟ್ಟೆಯನ್ನು ನೋಂದಾಯಿಸಿತು. ಸೆಕೆಯ ನಾಡಿಗೆ ಉಣ್ಣೆಯನ್ನೇ ಆರಿಸಿದ್ದು ಅನೇಕರಿಗೆ ವಿಚಿತ್ರವೆನಿಸಬಹುದು. ಆದರೆ ಕೈಗೆ ಒರಟಾಗಿ ತೋರಿದ ಆ ಹುರಿಯೇ ಅದರ ಗುಣ.

ಎಳೆಯೊಳಗಿನ ನೀರು

ಕಿಂಡಿಯ ವಿಷಯ ಹಾಗಿರಲಿ; ಎಳೆಯೂ ಆವಿಯನ್ನು ಹೀರಬಲ್ಲದು. 20 ಡಿಗ್ರಿ ಉಷ್ಣತೆ, ಶೇಕಡ 65 ಆರ್ದ್ರತೆಯ ಗಾಳಿಯಲ್ಲಿ ಒಣ ಉಣ್ಣೆ ತನ್ನ ತೂಕದ ಶೇಕಡ ಸುಮಾರು 16ರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಲಿನನ್ 12, ರೇಷ್ಮೆ 11, ಹತ್ತಿ 8. ಪಾಲಿಯೆಸ್ಟರ್ ಅರ್ಧಕ್ಕಿಂತಲೂ ಕಡಮೆ. ಅರ್ಧ ಕಿಲೋಗ್ರಾಂ ಉಣ್ಣೆಯ ಕೋಟಿನಲ್ಲಿ 80 ಗ್ರಾಂ ನೀರು ಅಡಗಿರಬಲ್ಲದು. ಅಷ್ಟೇ ತೂಕದ ಶುದ್ಧ ಪಾಲಿಯೆಸ್ಟರಿನಲ್ಲಿ ಎರಡು ಗ್ರಾಂ. ಆರ್ದ್ರತೆ ಇನ್ನೂ ಏರಿದರೆ ಉಣ್ಣೆ ತನ್ನ ತೂಕದ ಶೇಕಡ 30ರವರೆಗೂ ನೀರನ್ನು ಕುಡಿದು, ಮುಟ್ಟಿದವರಿಗೆ ಒದ್ದೆಯೆನಿಸದೆ ಇರಬಲ್ಲದು. ಹೀಗೆ ಉಣ್ಣೆ ಮೈಗೂ ಗಾಳಿಗೂ ನಡುವೆ ಒಂದು ಕೊಳದಂತೆ ವರ್ತಿಸಿ, ಬೆವರಿನ ಆವಿಯನ್ನು ಒಂದು ಕಡೆ ತುಂಬಿಕೊಂಡು ಇನ್ನೊಂದು ಕಡೆ ನಿಧಾನವಾಗಿ ಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ಆವಿಯನ್ನು ಹೀರುವಾಗ ಉಣ್ಣೆ ಉಷ್ಣವನ್ನು ಬಿಡುತ್ತದೆ. ಹವಾನಿಯಂತ್ರಿತ ಸಭಾಂಗಣದಿಂದ ಹೊರಗಿನ ತೇವದ ಗಾಳಿಗೆ ಬಂದೊಡನೆ ಉಣ್ಣೆಯ ಕೋಟು ಕೆಲವು ನಿಮಿಷ ಬಿಸಿಯೆನಿಸುವುದು ಇದರಿಂದಲೇ. ಒಳಗೆ ಹೋಗುವಾಗ ಇದಕ್ಕೆ ವಿರುದ್ಧವಾದ ಉಪಕಾರವನ್ನೂ ಅದು ಮಾಡುತ್ತದೆ.

“ಆಟಗಾರರ ಅಂಗಿಗಳೆಲ್ಲ ಪಾಲಿಯೆಸ್ಟರಿನವೇ ಅಲ್ಲವೆ?” ಎಂದು ತಮ್ಮನು ಆಕ್ಷೇಪಿಸಿದನು. ಸರಿಯಾದ ಪ್ರಶ್ನೆ. ಆ ಅಂಗಿ ತೆಳುವಾಗಿ ಹೆಣೆದದ್ದು, ಮೈಗೆ ತಾಗಿರುವಂಥದು. ಎಳೆ ನೀರನ್ನು ಕುಡಿಯದಿದ್ದರೂ ಬೆವರು ಎಳೆಗಳ ನಡುವೆ ಹರಡಿ ಬಯಲಿನ ಗಾಳಿಗೆ ಬೇಗ ಆರುತ್ತದೆ. ಕೋಟಿನ ಬಟ್ಟೆ ಒತ್ತಾಗಿ ನೆಯ್ದದ್ದು. ಅದರ ಒಳಗೆ ಕ್ಯಾನ್ವಾಸ್, ಅಸ್ತರು, ಅಂಗಿ, ಬನಿಯನ್. ಅಲ್ಲಿ ಆಟಗಾರನ ಉಪಮಾನ ಸಲ್ಲದು.

ಅಸ್ತರಿನ ಪ್ರಸ್ತಾಪ ಬಂದಿತಾದ್ದರಿಂದ ಇದನ್ನೂ ಹೇಳಿಬಿಡುತ್ತೇವೆ: ಜರಡಿಯಂತಹ ಉಣ್ಣೆಯನ್ನು ಕೊಂಡು, ಒಳಗೆಲ್ಲ ಒತ್ತು ನೇಯ್ಗೆಯ ಪಾಲಿಯೆಸ್ಟರ್ ಅಸ್ತರನ್ನು ಹಾಕಿಸಿದರೆ, ಕಿಟಕಿಯನ್ನು ತೆರೆದು ಅದಕ್ಕೆ ಹಲಗೆ ಬಡಿದಂತೆ. ತೋಳಿಗೂ ಹೆಗಲಿಗೂ ಜಾರುವ ಅಸ್ತರು ಬೇಕು. ಬೆನ್ನಿನ ಕೆಳಭಾಗಕ್ಕೆ ಬೇಕಾಗಿಲ್ಲ.

‘ಸೂಪರ್’ ಎಂಬ ಸಂಖ್ಯೆ

ಎರಡನೆಯ ತುಣುಕಿನ ಚೀಟಿಯನ್ನು ತಮ್ಮನು ಮತ್ತೆ ಮತ್ತೆ ತೋರಿಸುತ್ತಿದ್ದನು. ‘ಸೂಪರ್ 150’ ಎಂದರೇನು? ಅದು ಉಣ್ಣೆಯ ಎಳೆಯ ಸಪೂರವನ್ನು ಸೂಚಿಸುವ ಸಂಖ್ಯೆ. ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಸ್ಥೆಯ ನಿಯಮದಂತೆ ಸೂಪರ್ 100 ಎಂದರೆ ಎಳೆಯ ಸರಾಸರಿ ವ್ಯಾಸ 18.75 ಮೈಕ್ರಾನನ್ನು ಮೀರಬಾರದು. ಸೂಪರ್ 150 ಎಂದರೆ 16.25ನ್ನು ಮೀರಬಾರದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ; ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ.

ಒಂದು ಎಳೆಯನ್ನು ಬಾಗಿಸಲು ಬೇಕಾದ ಬಲ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಇಮ್ಮಡಿಯಾದರೆ ಬಿರುಸು ಹದಿನಾರು ಮಡಿ. ಕಂಬಳಿ ಮೈಯನ್ನು ಚುಚ್ಚುವುದೂ ನವಿರಾದ ಉಣ್ಣೆ ಚುಚ್ಚದಿರುವುದೂ ಈ ಒಂದು ನಿಯಮದಿಂದ: ಸುಮಾರು 30 ಮೈಕ್ರಾನಿಗಿಂತ ದಪ್ಪವಾದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಒತ್ತುತ್ತದೆ, ಸಪೂರವಾದುದು ಬಾಗಿ ಹೋಗುತ್ತದೆ. ಆದರೆ ಕೋಟು ಅಂಗಿಯ ಮೇಲೆ ಧರಿಸುವ ವಸ್ತು. ಅದಕ್ಕೆ ಅತಿ ನವಿರಿನ ಅಗತ್ಯವಿಲ್ಲ. ಅದೇ ನಾಲ್ಕನೆಯ ಘಾತದ ಲೆಕ್ಕದಂತೆ ಸೂಪರ್ 150ರ ಎಳೆಯ ಬಿರುಸು ಸೂಪರ್ 100ರ ಎಳೆಯದರಲ್ಲಿ ಶೇಕಡ 56 ಮಾತ್ರ. ಮಡಿಸಿದ ಎಳೆ ಪುಟಿದು ನೇರವಾಗಲು ಈ ಬಿರುಸೇ ಬೇಕು. ಸಂಖ್ಯೆ ಏರಿದಂತೆ ಬೆಲೆ ಏರುತ್ತದೆ, ಮುಟ್ಟಿದ ಸುಖ ಏರುತ್ತದೆ, ಬಾಳಿಕೆ ಮಾತ್ರ ಏರುವುದಿಲ್ಲ. ತಂಪಿಗಂತೂ ಈ ಸಂಖ್ಯೆಗೆ ನೇರ ಸಂಬಂಧವಿಲ್ಲ.

ಬಣ್ಣದ ವಿಚಾರ

ಬೆಂಜಮಿನ್ ಫ್ರಾಂಕ್ಲಿನ್ನನು ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಬಿಸಿಲಿನಲ್ಲಿ ಹಿಮದ ಮೇಲೆ ಹಾಸಿದಾಗ, ಕಪ್ಪು ತುಂಡು ಎಲ್ಲಕ್ಕಿಂತ ಆಳಕ್ಕೆ ಇಳಿದು, ಬಿಳಿಯದು ಇಳಿಯದೆ ಉಳಿದುದನ್ನು 1761ರ ಒಂದು ಪತ್ರದಲ್ಲಿ ವಿವರಿಸಿದ್ದಾನೆ. ಬಿಸಿಲಿನಲ್ಲಿ ಕಪ್ಪು ಹೆಚ್ಚು ಬಿಸಿಯಾಗುತ್ತದೆಂಬುದು ನಿಜ. ಆದರೂ ಮರುಭೂಮಿಯ ಬೆಡೂಯಿನರು ಕಪ್ಪು ನಿಲುವಂಗಿಯನ್ನು ತೊಡುತ್ತಾರೆ. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಕಪ್ಪು ನಿಲುವಂಗಿ ಹೆಚ್ಚಾಗಿ ಹೀರಿದ ಉಷ್ಣ ಚರ್ಮವನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಹೋಗಿಬಿಡುತ್ತದೆ. ಮೈಗೆ ತಾಗುವ ಉಷ್ಣ ಕಪ್ಪಿಗೂ ಬಿಳಿಗೂ ಒಂದೇ. ನಿಲುವಂಗಿ ಸಡಿಲವಾಗಿದ್ದುದರಿಂದ ಹೀಗಾಯಿತು. ಇನ್ನು ಸಂಜೆಯ ಸಭಾಂಗಣದಲ್ಲಿ ಬಿಸಿಲೇ ಇಲ್ಲದಿರುವಾಗ ಬಣ್ಣದ ಪಾತ್ರ ಅಲ್ಪ. ಆದುದರಿಂದ ಬಣ್ಣವನ್ನು ತಮ್ಮನ ಇಷ್ಟಕ್ಕೆ ಬಿಟ್ಟೆವು.

ಒಂದು ಸೂಚನೆಯನ್ನು ಮಾತ್ರ ಕೊಟ್ಟೆವು: ಅಂಗಡಿಯ ದೀಪವನ್ನು ನಂಬಬೇಡ, ಬಟ್ಟೆಯನ್ನು ಬಾಗಿಲಿಗೆ ತಂದು ಹಗಲಿನಲ್ಲಿ ನೋಡು. ದೀಪದ ಬೆಳಕಿನಲ್ಲಿಯೂ ಬಿಸಿಲಿನಲ್ಲಿಯೂ ಬಣ್ಣಗಳ ಪ್ರಮಾಣ ಬೇರೆ ಬೇರೆ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಕೋಟು ಷರಾಯಿಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ನಮ್ಮ ಹಿರಿಯರು ಸೀರೆಯನ್ನು ಅಂಗಡಿಯ ಹೊಸ್ತಿಲಿಗೆ ತಂದು ನೋಡುತ್ತಿದ್ದುದು ಸುಮ್ಮನೆ ಅಲ್ಲ.

ಮುಷ್ಟಿಯೂ ಬೆಂಕಿಯೂ

ಇನ್ನೆರಡು ಪರೀಕ್ಷೆಗಳು ಉಳಿದಿದ್ದುವು. ತುಣುಕನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಸುಕಿ ಬಿಟ್ಟೆವು. ಕಪ್ಪು ಮಿಶ್ರಣವೂ ಒರಟು ಉಣ್ಣೆಯೂ ಬೇಗ ನೇರವಾದುವು. ನುಣುಪಾದ ಉಣ್ಣೆಯಲ್ಲಿ ಮೃದುವಾದ ಗೆರೆಗಳು ಉಳಿದುವು. ಲಿನನ್ ಮಾತ್ರ ಮಡಿಸಿಟ್ಟ ಕಾಗದದಂತೆ ಗೆರೆಗಳನ್ನು ಬಿಡಲೇ ಇಲ್ಲ. ಸುಕ್ಕನ್ನು ಸಹಿಸುವವರಿಗೆ ಲಿನನ್ ತಂಪಾದ ಆಯ್ಕೆ. ಮೂರು ಗಂಟೆ ಛಾಯಾಚಿತ್ರಕ್ಕೆ ನಿಲ್ಲುವ ಮದುಮಗನಿಗೆ ಅದು ಕಷ್ಟ.

ಕೊನೆಯದಾಗಿ, ಪ್ರತಿ ತುಣುಕಿನ ಅಂಚಿನಿಂದ ಒಂದೊಂದು ಎಳೆಯನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ತಟ್ಟೆಯಲ್ಲಿ ನೀರಿಟ್ಟು ಸುಟ್ಟು ನೋಡಿದೆವು. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಜ್ವಾಲೆಯಿಂದ ತೆಗೆದೊಡನೆ ನಂದಿ, ಬೆರಳಿಗೆ ಪುಡಿಯಾಗುವ ಕರಿಯನ್ನು ಬಿಟ್ಟಿತು. ಲಿನನ್ ಕಾಗದದಂತೆ ಉರಿದು ಬೂದಿಯಾಯಿತು. ಮಿಶ್ರಣದ ಎಳೆ ಮುದುಡಿ, ಕರಗಿ, ಕೊನೆಗೆ ಗಟ್ಟಿ ಮಣಿಯಾಗಿ ನಿಂತಿತು. ಇದರಿಂದ ಬಟ್ಟೆಯ ಜಾತಿ ತಿಳಿಯುವುದಷ್ಟೇ ಅಲ್ಲ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿಯಲ್ಲಿ ಕರಗುತ್ತದೆ. ಕರಗಿದುದು ಚರ್ಮಕ್ಕೆ ಅಂಟಿದರೆ ಸುಟ್ಟ ಗಾಯ ಆಳವಾಗುತ್ತದೆ. ಉಣ್ಣೆ ಸತತವಾಗಿ ಉರಿಯಲು ಗಾಳಿಯಲ್ಲಿ ಶೇಕಡ ಸುಮಾರು 25 ಆಮ್ಲಜನಕ ಬೇಕು. ನಮ್ಮ ಗಾಳಿಯಲ್ಲಿರುವುದು 21. ಹೋಮ, ಆರತಿ, ಪಟಾಕಿಗಳ ನಡುವೆ ಓಡಾಡುವ ಮದುವೆಮನೆಯಲ್ಲಿ ಇದನ್ನು ಮರೆಯಬಾರದು.

ದರ್ಜಿಯ ಬೆರಳು

ಲೆಕ್ಕವೆಲ್ಲ ಮುಗಿದ ಮೇಲೆ ಒರಟಾದ ನೀಲಿ ತುಣುಕನ್ನು ಹಿಡಿದು ಒಬ್ಬ ವೃದ್ಧ ದರ್ಜಿಯವರಲ್ಲಿಗೆ ಹೋದೆವು. ನಾವು ಬಾಯಿ ತೆರೆಯುವ ಮೊದಲೇ ಅವರು ಬಟ್ಟೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಉಜ್ಜಿ, “ಇನ್ನೂರೈವತ್ತರದು, ಹುರಿ ಚೆನ್ನಾಗಿದೆ” ಎಂದರು. ನಮ್ಮ ತಕ್ಕಡಿ ಹೇಳಿದ್ದೂ ಅದೇ! ಮದುವೆ ಎಲ್ಲಿ ಎಂದು ಕೇಳಿದರು. ಮಂಗಳೂರು ಎಂದೊಡನೆ, “ಹಾಗಾದರೆ ಬೆನ್ನಿಗೆ ಅಸ್ತರು ಬೇಡ ಮೇಷ್ಟ್ರೇ. ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡ್ತೀನಿ, ಗಾಳಿ ಆಡಲಿ” ಎಂದರು. ಸಂವಹನವೆಂಬ ಶಬ್ದವನ್ನು ಬಳಸದೆ ಸಂವಹನವನ್ನು ವಿವರಿಸಿದ ಅವರ ಮುಂದೆ ನಮ್ಮ ಲೆಕ್ಕದ ಹಾಳೆಯನ್ನು ತೆಗೆಯಲು ನಾಚಿಕೆಯಾಯಿತು.

ಬೆಲೆ ಮಾತ್ರ ಕಪ್ಪು ಮಿಶ್ರಣದ ಎರಡರಷ್ಟಕ್ಕೂ ಮೀರಿತ್ತು. ತಮ್ಮನು ಕೊಂಚ ಯೋಚಿಸಿ, ಕೋಟಿನೊಳಗಿನ ವೇಸ್ಟ್‌ಕೋಟನ್ನು ಕೈಬಿಟ್ಟನು. ಹಣವೂ ಹೊಂದಿತು, ಮೈಮೇಲೆ ಒಂದು ಪದರವೂ ಕಡಮೆಯಾಯಿತು. ಹೊಳಪಿಲ್ಲವಲ್ಲ ಎಂಬ ಕೊರಗು ಅವನಲ್ಲಿ ಇನ್ನೂ ಇದೆ. ಅದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಏಪ್ರಿಲಿನ ಆ ಸಂಜೆ ಕೋಟೇ ಉತ್ತರ ಹೇಳಬೇಕು.

ನಮ್ಮ ಬೀರುವಿನ ಕೋಟನ್ನು ಮೊನ್ನೆ ಹೊರಗೆ ತೆಗೆದೆವು. ಈ ಡಿಸೆಂಬರಿನಲ್ಲಿ ಮಡಿಕೇರಿಗೆ ಹೋಗುವುದಿದೆ. ಅಲ್ಲಿನ ಮುಂಜಾನೆಯ ಚಳಿಯಲ್ಲಿ ಗಾಳಿಯನ್ನು ತಡೆಯುವ ಒತ್ತು ಬಟ್ಟೆಯೇ ಬೇಕು. ಆರು ವರ್ಷಗಳಿಂದ ನಾವು ದೂಷಿಸುತ್ತಿದ್ದ ಆ ಕೋಟಿನಲ್ಲಿ ಯಾವ ದೋಷವೂ ಇರಲಿಲ್ಲ; ಅದನ್ನು ಹೊಲಿಸುವಾಗ ಯಾವ ಊರಿಗೆ, ಯಾವ ಕಾಲಕ್ಕೆ ಎಂದು ನಾವು ಕೇಳಿಕೊಂಡಿರಲಿಲ್ಲ, ಅಷ್ಟೆ.